ನಡುವಿನ ಡಾಬು, ಟಂಕಸಾಲೆಯ ಬಾಗಿಲು

ಶೇಡಬಾಳ, ಕಾಗವಾಡ, ಅಥಣಿ ಕಡೆ ಹಳೆಯ ಮನೆಗಳ ಟ್ರಂಕಿನೊಳಗೆ ಇನ್ನೂ ಅಲ್ಲೊಂದು ಇಲ್ಲೊಂದು ಬೆಳ್ಳಿ ಡಾಬು ಉಳಿದಿದೆ. ಅಜ್ಜಿಯರು ನಡುವಿಗೆ ಕಟ್ಟುತ್ತಿದ್ದ ಈ ಪಟ್ಟಿಯನ್ನು ನಾವು ಬರೀ ಸಿಂಗಾರ ಅಂದುಕೊಳ್ಳುತ್ತೇವೆ. ಅವರಿಗೆ ಅದು ಬ್ಯಾಂಕ್ ಪಾಸ್‌ಬುಕ್ಕೂ ಆಗಿತ್ತು.

ಲೆಕ್ಕ ಸರಳ. 1835ರಿಂದ ಬ್ರಿಟಿಷರ ಒಂದು ರೂಪಾಯಿ ಅಂದರೆ ಸರಿಯಾಗಿ ಒಂದು ತೊಲೆ, ಅಂದರೆ 11.66 ಗ್ರಾಂ. ಅದರಲ್ಲಿ ನೂರಕ್ಕೆ 91ಕ್ಕಿಂತ ಹೆಚ್ಚು ಪಾಲು ಬೆಳ್ಳಿ. ಸುಗ್ಗಿಯಲ್ಲಿ ಬಂದ ರಾಣಿ ಛಾಪಿನ ರೂಪಾಯಿ ಪತ್ತಾರರ ಮನೆಗೆ ಹೋಗಿ ಒಡವೆಯಾಗುತ್ತಿತ್ತು. ಅಂಥ ಬೆಳ್ಳಿಯ 40 ತೊಲೆ ಡಾಬು ಅಂದರೆ ಹೆಚ್ಚುಕಡಿಮೆ 40 ರೂಪಾಯಿ ಉಳಿತಾಯ.

ಈ ಲೆಕ್ಕಕ್ಕೆ ಸರ್ಕಾರದ ಆಧಾರವೂ ಇತ್ತು. ಯಾರೇ ಬೆಳ್ಳಿ ತಂದರೂ ಮುಂಬೈ ಟಂಕಸಾಲೆ ನೂರಕ್ಕೆ ಸುಮಾರು ಎರಡರಷ್ಟು ಮುರಿದುಕೊಂಡು ನಾಣ್ಯ ಮಾಡಿಕೊಡುತ್ತಿತ್ತು. 1876–78ರ ಭೀಕರ ಬರದಲ್ಲಿ ಬೆಳಗಾವಿ ಜಿಲ್ಲೆಯೂ ನಲುಗಿತು. ಆಗ ಪ್ರಾಂತದ ರೈತರು ಮಾರಿದ ಒಡವೆಗಳು ರಾಶಿ ರಾಶಿಯಾಗಿ ಆ ಟಂಕಸಾಲೆ ಸೇರಿದವು. ಒಡವೆ ಹೋಯಿತು, ಜೋಳ ಬಂತು.

1893ರ ಜೂನ್ 26ರಂದು ಸರ್ಕಾರ ಆ ಬಾಗಿಲು ಮುಚ್ಚಿತು. ಜಗತ್ತಿನಲ್ಲಿ ಬೆಳ್ಳಿ ಅಗ್ಗವಾಗುತ್ತಿತ್ತು. ಅದರ ಜೊತೆ ರೂಪಾಯಿಯ ಬೆಲೆಯೂ ಇಳಿದು, ಲಂಡನ್ನಿಗೆ ಚಿನ್ನದ ಲೆಕ್ಕದಲ್ಲಿ ಕಟ್ಟಬೇಕಾದ ಹಣ ಭಾರವಾಗಿತ್ತು. ರೂಪಾಯಿಯ ಬೆಲೆ ಉಳಿಸಲು ಜನರ ಬೆಳ್ಳಿಗೆ ನಾಣ್ಯ ಹೊಡೆಯುವುದನ್ನೇ ನಿಲ್ಲಿಸಿದರು. ರೂಪಾಯಿ ಗಟ್ಟಿಯಾಯಿತು, ಡಾಬಿನ ಬೆಳ್ಳಿ ಬಿತ್ತು. 1900ರ ಹೊತ್ತಿಗೆ ಒಂದು ರೂಪಾಯಿಯಷ್ಟು ಬೆಳ್ಳಿಯ ಬೆಲೆ ಹತ್ತು–ಹನ್ನೊಂದು ಆಣೆ. 40 ರೂಪಾಯಿಯ ಡಾಬು 25–27ಕ್ಕೆ ಇಳಿಯಿತು. ಇದೇ ಹೊತ್ತಿನಲ್ಲಿ, 1896–97 ಮತ್ತು 1899–1900ರಲ್ಲಿ, ಮುಂಬೈ ಪ್ರಾಂತಕ್ಕೆ ಮತ್ತೆ ಎರಡು ಬರ ಬಂದವು. ಒಡವೆ ಮಾರಲು ಹೋದವರಿಗೆ ಸಿಕ್ಕಿದ್ದು ಕಡಿಮೆ ಜೋಳ.

ಅಮೆರಿಕದ ನವಾಹೋ ಎಂಬ ಮೂಲನಿವಾಸಿಗಳ ಕಥೆಯೂ ಇದಕ್ಕೆ ಹತ್ತಿರದ್ದು. 1864ರಲ್ಲಿ ಸೈನ್ಯ ಅವರನ್ನು ನೆಲದಿಂದ ಓಡಿಸಿತು, 1868ರ ಒಪ್ಪಂದದ ಮೇಲೆ ಮರಳಿದರು. ಆಮೇಲೆ ಅವರು ಡಾಲರ್ ಮತ್ತು ಮೆಕ್ಸಿಕೋದ ನಾಣ್ಯ ಕರಗಿಸಿ ಬೆಳ್ಳಿ ಬಿಲ್ಲೆ ಮಾಡಿ, ತೊಗಲಿನ ಪಟ್ಟಿಗೆ ಪೋಣಿಸಿ ನಡುವಿಗೆ ಕಟ್ಟಿದರು. ಅದರ ಹೆಸರು ಕೊಂಚಾ ಪಟ್ಟಿ. ಕಷ್ಟ ಬಂದರೆ ಅಂಗಡಿಯವನಲ್ಲಿ ಅಡವಿಟ್ಟು ಹಿಟ್ಟು, ಸಕ್ಕರೆ ತರುತ್ತಿದ್ದರು. ಬಿಡಿಸಿಕೊಳ್ಳಲಾಗದೆ ಮಾರಾಟಕ್ಕೆ ಬಿದ್ದ ಒಡವೆಗೆ ಅಲ್ಲಿ 'ಸತ್ತ ಅಡವು' ಅನ್ನುತ್ತಾರೆ. ಅಂಥ ಪಟ್ಟಿಗಳಿಗೆ ಇಂದು ಸಂಗ್ರಹಕಾರರು ದೊಡ್ಡ ಬೆಲೆ ಕೊಡುತ್ತಾರೆ.

ನಮ್ಮ ಡಾಬುಗಳು ಮಾತ್ರ ಈಗಲೂ ಬರೀ ತೂಕಕ್ಕೆ ಹೋಗಿ ಮೂಸೆ ಸೇರುತ್ತಿವೆ. ಮಾರಲೇಬೇಕಾದರೆ ಮಾರೋಣ. ಅದಕ್ಕೆ ಮೊದಲು ಎರಡು ಕಡೆ ತೂಕ ಮತ್ತು ಶುದ್ಧತೆ ನೋಡಿಸೋಣ, ಒಂದು ಫೋಟೋ ತೆಗೆದಿಡೋಣ. ಅದು ಯಾರದು, ಯಾವ ವರ್ಷ ಮಾಡಿಸಿದ್ದು, ಯಾವ ಬರದಲ್ಲಿ ಉಳಿಯಿತು ಅಂತ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳೋಣ.