ಮುಳ್ಳು ಉಳಿಯಿತು, ಹಾಡು ಸವೆಯಿತು

ಕಳೆದ ದೀಪಾವಳಿಯಲ್ಲಿ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಅಟ್ಟದ ಮೇಲಿದ್ದ ಗ್ರಾಮಫೋನನ್ನು ಕಂಡು, "ಮೇಷ್ಟ್ರೇ, ಇದು ಈಗಲೂ ಹಾಡುತ್ತದೆಯೇ?" ಎಂದು ಕೇಳಿದ. ನಲವತ್ತು ವರ್ಷಗಳಿಂದ ಮೂಕವಾಗಿ ಕುಳಿತಿದ್ದ ಪೆಟ್ಟಿಗೆಯದು. "ಹಾಡಿಸುವವರಿದ್ದರೆ ಹಾಡೀತು" ಎಂದೆ. ಆ ಒಂದು ಮಾತು ನಮ್ಮಿಬ್ಬರನ್ನೂ ಐದು ತಿಂಗಳ ಕೆಲಸಕ್ಕೆ ಹಚ್ಚಿತು. ಆಗ ನಾನು ತಿಳಿದುಕೊಂಡ ಚರಿತ್ರೆಯನ್ನೂ, ನಮ್ಮ ಮನೆಯಲ್ಲಿ ಅರಿಯದೆ ನಡೆದುಹೋದ ಒಂದು ತಪ್ಪನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

1950ರ ದಶಕದಲ್ಲಿ ಅಪ್ಪಯ್ಯ ಅಡಿಕೆ ಮಾರಿದ ಹಣದಲ್ಲಿ ಶಿವಮೊಗ್ಗೆಯಿಂದ ಈ ಗ್ರಾಮಫೋನನ್ನು ತಂದರು. ಜೊತೆಗೆ ಇನ್ನೂರು ಉಕ್ಕಿನ ಮುಳ್ಳುಗಳ ಒಂದು ಪುಟ್ಟ ತಗಡಿನ ಡಬ್ಬಿಯೂ ಬಂದಿತು. ಒಂದು ಮುಳ್ಳನ್ನು ತಟ್ಟೆಯ ಒಂದು ಮಗ್ಗುಲಿಗೆ ಮಾತ್ರ ಬಳಸಬೇಕೆಂಬುದು ನಿಯಮ. ಅಪ್ಪಯ್ಯನವರಿಗೆ ಅದು ಶುದ್ಧ ದುಂದುವೆಚ್ಚವಾಗಿ ತೋರಿತು. "ಇನ್ನೂ ಚೂಪಾಗಿದೆಯಲ್ಲ, ಎಸೆಯುವುದೇಕೆ?" ಎಂದು ಒಂದೇ ಮುಳ್ಳನ್ನು ಸಾಣೆಕಲ್ಲಿಗೆ ಉಜ್ಜಿ ವಾರಗಟ್ಟಲೆ ನಡೆಸುತ್ತಿದ್ದರು. ಅಮ್ಮನಿಗೆ ಒಂದು ದೇವರನಾಮದ ತಟ್ಟೆ ಬಹಳ ಪ್ರಿಯ. ಸಂಜೆ ದೀಪ ಹಚ್ಚಿದ ಮೇಲೆ ಅದನ್ನೊಂದು ಸಲ ಕೇಳದೆ ಆಕೆ ಅಡಿಗೆಮನೆಗೆ ಹೋದದ್ದು ನನಗೆ ನೆನಪಿಲ್ಲ.

ಆ ನಿಯಮ ಏಕೆ ಬಂದಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1877ರಲ್ಲಿ ಎಡಿಸನ್ ತಗಡಿನ ಹಾಳೆ ಸುತ್ತಿದ ಉರುಳೆಯ ಮೇಲೆ ದನಿಯನ್ನು ಹಿಡಿದ. 1887ರಲ್ಲಿ ಎಮಿಲ್ ಬರ್ಲಿನರ್ ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ಬಳಸುವ ಗ್ರಾಮಫೋನಿಗೆ ಹಕ್ಕುಪತ್ರ ಪಡೆದ. ಮುಂದೆ ಆ ತಟ್ಟೆಗಳನ್ನು ಅರಗಿನಿಂದ ಮಾಡತೊಡಗಿದರು. ಅರಗಿಗೆ ಕಲ್ಲಿನ ನುಣ್ಣನೆಯ ಪುಡಿಯನ್ನು ಬೆರೆಸುತ್ತಿದ್ದುದರಿಂದ ತಟ್ಟೆ ಗಟ್ಟಿಯಾಗುತ್ತಿತ್ತು. ಜೊತೆಗೆ ಅರದಂತೆ ಮುಳ್ಳನ್ನು ಸವೆಸುತ್ತಲೂ ಇತ್ತು. ಮೊದಲ ಕೆಲವು ಸುತ್ತುಗಳಲ್ಲಿಯೇ ಮುಳ್ಳಿನ ತುದಿ ಗೀರಿನ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಹಾಡು ಮುಗಿಯುವ ವೇಳೆಗೆ ಅದರ ಅಂಚುಗಳು ಉಳಿಯಂತೆ ಹರಿತವಾಗಿರುತ್ತವೆ. ಅದನ್ನೇ ಮರಳಿ ಇಟ್ಟರೆ ಸವೆಯುವುದು ತಟ್ಟೆ. ಮೇಲಿನಿಂದ ಒತ್ತುವ ಭಾರವೋ ನೂರು ಗ್ರಾಮಿಗೂ ಮಿಗಿಲು.

ಆ ಅರಗು ಬಹುಪಾಲು ನಮ್ಮ ದೇಶದ್ದೇ. ಇಲ್ಲಿಯ ಮರಗಳ ಅರಗು ಹಡಗೇರಿ ಹೋಗಿ ಹಾಡಾಗಿ ಮರಳುತ್ತಿತ್ತು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ಆ ತಟ್ಟೆಗಳು ಅಚ್ಚಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದುದು ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ಆರಂಭವಾಯಿತು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಕಳೆದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಇನ್ನು ನಮ್ಮ ಪೆಟ್ಟಿಗೆಯ ವಿಷಯ. ಸುರುಳಿ ಸ್ಪ್ರಿಂಗಿನ ಗ್ರೀಸು ಕಪ್ಪು ಮೇಣವಾಗಿತ್ತು; ಸೀಮೆಎಣ್ಣೆಯಲ್ಲಿ ತೊಳೆದು ಹೊಸದನ್ನು ಸವರಿದೆವು. ಮುಳ್ಳನ್ನು ಹಿಡಿಯುವ ದುಂಡನೆಯ ಭಾಗಕ್ಕೆ ಸೌಂಡ್ ಬಾಕ್ಸ್ ಎನ್ನುತ್ತಾರೆ. ಅದರೊಳಗೆ ಕಾಗೆಬಂಗಾರದ ಬಿಲ್ಲೆಯೊಂದಿದ್ದು, ಅದರ ಅಂಚಿಗೆ ಎರಡೂ ಕಡೆ ರಬ್ಬರಿನ ಬಳೆಗಳಿರುತ್ತವೆ. ಬಿಲ್ಲೆ ಹೊಸದರಂತೆಯೇ ಇತ್ತು. ರಬ್ಬರು ಮಾತ್ರ ಕಲ್ಲಾಗಿತ್ತು. ಮೆದುವಾದ ರಬ್ಬರು ಕೊಳವೆಯನ್ನು ಕತ್ತರಿಸಿ ಹೊಸ ಬಳೆಗಳನ್ನು ಕೂರಿಸಿದೆವು; ಮುಳ್ಳಿನ ಕಡ್ಡಿ ಬಿಲ್ಲೆಯನ್ನು ಸೇರುವಲ್ಲಿ ಒಂದು ಹನಿ ಜೇನುಮೇಣ ಬಿಟ್ಟೆವು.

ಕೀ ಕೊಟ್ಟು, ಹೊಸ ಮುಳ್ಳು ಹಾಕಿ, ಅಮ್ಮನ ತಟ್ಟೆಯನ್ನೇ ಇಟ್ಟೆ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದಿನ ಹೊರತು ಬೇರೇನೂ ಕೇಳಲಿಲ್ಲ. ಗೀರುಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ತಟ್ಟೆಯನ್ನು ಮಗುಚಿ ಹಾಕಿದೆ. ನಾವು ಯಾರೂ ಇಷ್ಟಪಡದಿದ್ದ ಆ ಬದಿಯ ಹಾಡು ನಿನ್ನೆ ಮುದ್ರಿಸಿದಷ್ಟು ಸ್ವಚ್ಛವಾಗಿ ಹೊಮ್ಮಿತು. ಅಮ್ಮನಿಗೆ ಬೇಕಾದ ಹಾಡನ್ನೇ ನಾವು ಆಡಿಸಿ ಆಡಿಸಿ ಕೊಂದಿದ್ದೆವು.

ನನ್ನ ಮುಖ ನೋಡಿದ ಶಿಷ್ಯ, "ಮೇಷ್ಟ್ರೇ, ಇನ್ನೊಂದು ದಾರಿಯಿದೆ" ಎಂದ. ವಿದ್ಯುತ್ ಪ್ಲೇಯರುಗಳ ಮುಳ್ಳಿನ ತಲೆಗೆ ಕಾರ್ಟ್ರಿಜ್ ಎನ್ನುತ್ತಾರೆ. ಹಳೆಯ ಕಾರ್ಟ್ರಿಜ್‌ಗಳನ್ನು ಬಿಚ್ಚಿ ಕಟ್ಟುವುದು ಅವನ ಹವ್ಯಾಸ. ನಾನು 1974ರಲ್ಲಿ ನನ್ನ ಸಂಬಳದಿಂದ ಕೊಂಡಿದ್ದ ಪ್ಲೇಯರನ್ನೂ ಅವನು ಬಿಚ್ಚಿ ನೋಡಿದ್ದ. ಅದರ ಕಾರ್ಟ್ರಿಜ್‌ನಲ್ಲಿದ್ದುದು ರೋಶೆಲ್ ಉಪ್ಪಿನ ಹರಳು. ಒತ್ತಿದರೆ ವಿದ್ಯುತ್ತನ್ನು ಹೊಮ್ಮಿಸುವ ಹರಳುಗಳ ಈ ಗುಣವನ್ನು 1880ರಲ್ಲಿ ಜಾಕ್ ಮತ್ತು ಪಿಯೇರ್ ಕ್ಯೂರಿ ಸಹೋದರರು ತೋರಿಸಿಕೊಟ್ಟಿದ್ದರು. ಆದರೆ ಉಪ್ಪು ಎಷ್ಟಾದರೂ ಉಪ್ಪೇ. ನಮ್ಮ ಮಲೆನಾಡಿನ ಮಳೆಗಾಲಗಳ ತೇವಕ್ಕೆ ಹರಳು ಕರಗಿ ಗಂಜಿಯಂತಾಗಿತ್ತು. ಅದರ ಜಾಗಕ್ಕೆ ತೇವವನ್ನು ತಾಳಿಕೊಳ್ಳುವ ಸೆರಾಮಿಕ್ ಕಾರ್ಟ್ರಿಜ್ ಹಾಕಿಕೊಟ್ಟ.

ಅಮ್ಮನ ತಟ್ಟೆಗಾಗಿ ಅವನು ಆರಿಸಿಕೊಂಡದ್ದು ಅಯಸ್ಕಾಂತದ ಕಾರ್ಟ್ರಿಜ್. ಇದರಲ್ಲಿ ಮುಳ್ಳಿನ ಕಡ್ಡಿಯ ಹಿಂತುದಿಯಲ್ಲಿರುವ ಪುಟ್ಟ ಅಯಸ್ಕಾಂತವು ತಂತಿಸುರುಳಿಗಳ ನಡುವೆ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಭಾರ ಕೆಲವೇ ಗ್ರಾಂ. ಕಡ್ಡಿಯ ಬುಡದ ಗಟ್ಟಿಯಾದ ರಬ್ಬರನ್ನು ಅವನು ಬದಲಿಸಿದ. ಸೂಕ್ಷ್ಮದರ್ಶಕದ ಕೆಳಗೆ ಕಡ್ಡಿಯ ತುದಿಗೆ ಹೊಸ ವಜ್ರದ ಮೊನೆಯನ್ನು ಅಂಟಿಸಿದ. ಇಂಥ ಹಳೆಯ ತಟ್ಟೆಗಳಿಗೆ ಸಾಮಾನ್ಯವಾಗಿ ಬಳಸುವ ಮೊನೆಯ ದುಂಡಿನ ತ್ರಿಜ್ಯ ಸುಮಾರು 75 ಮೈಕ್ರಾನ್. ಇವನದು ಅದಕ್ಕಿಂತ ಕೊಂಚ ದಪ್ಪ. ಕಾರಣ ಸರಳ. ಅಪ್ಪಯ್ಯನವರ ಮುಳ್ಳು ಗೀರಿನ ಗೋಡೆಯ ಕೆಳಭಾಗವನ್ನು ಸವೆಸಿತ್ತು. ದಪ್ಪ ಮೊನೆ ಅಷ್ಟು ಆಳಕ್ಕೆ ಇಳಿಯದೆ, ಆ ಮುಳ್ಳು ತಾಗದೆ ಉಳಿದಿದ್ದ ಮೇಲಿನ ಅಂಚನ್ನು ಓದುತ್ತದೆ.

78 ಸುತ್ತಿನ ವೇಗದಲ್ಲಿ ತಟ್ಟೆ ತಿರುಗಿತು. ಸಾಸಿವೆಯ ಸದ್ದು ನಿಲ್ಲಲಿಲ್ಲ. ಆದರೆ ಅದರ ಹಿಂದಿನಿಂದ, ಮಳೆಯಲ್ಲಿ ದೂರದಿಂದ ಯಾರೋ ಕರೆದಂತೆ, ಹಾಡು ಬಂದಿತು. ಪಲ್ಲವಿ ಚೆನ್ನಾಗಿಯೇ ಕೇಳಿತು. ಒಂದು ಚರಣದ ಅರ್ಧ ಸಿಕ್ಕಲೇ ಇಲ್ಲ. ಸಿಕ್ಕಷ್ಟನ್ನು ಮುದ್ರಿಸಿಕೊಂಡು ತಂಗಿಯರಿಬ್ಬರಿಗೂ ಕಳುಹಿಸಿದ್ದೇನೆ. ಆ ತಟ್ಟೆಯನ್ನು ಇನ್ನು ಗ್ರಾಮಫೋನಿನ ಮೇಲೆ ಇಡುವುದಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ತಟ್ಟೆಗಳಿದ್ದರೆ, ಸಿಕ್ಕ ಮುಳ್ಳಿನಿಂದ ಹಾಡಿಸಿ ನೋಡುವ ಆತುರ ಬೇಡ. ಮೊದಲು ಮುಳ್ಳನ್ನು ಬದಲಿಸಿ, ರಬ್ಬರನ್ನು ಮುಟ್ಟಿ ನೋಡಿ. ಅಪ್ಪಯ್ಯನವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಡ್ಡಿಯನ್ನೂ ವ್ಯರ್ಥ ಮಾಡಬಾರದೆಂದು ನಾನೂ ನಿಮಗೆಲ್ಲ ತರಗತಿಯಲ್ಲಿ ಹೇಳುತ್ತಿದ್ದವನೇ. ಮೊನ್ನೆ ಆ ತಗಡಿನ ಡಬ್ಬಿಯನ್ನು ತೆರೆದು ಎಣಿಸಿದೆ. ಇನ್ನೂರರಲ್ಲಿ ನೂರ ಅರವತ್ತೆರಡು ಮುಳ್ಳುಗಳು ಇನ್ನೂ ಉಳಿದಿವೆ.