ಕೊನೆಯ ಸೈಕಲ್ ಮುಗಿದ ಮೇಲೆ

ಹಾವೇರಿ ಕಡೆಯ ರೈತರೊಬ್ಬರು ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋದ ಹನ್ನೆರಡೂ ಸೈಕಲ್ ಬೇರೊಂದು ಆಸ್ಪತ್ರೆಯಲ್ಲಿ ಮುಗಿಸಿ, ಎಂಟು ತಿಂಗಳ ನಂತರ ನನ್ನ ಒಪಿಡಿಗೆ ಬಂದರು. ಬಾಗಿಲಿನಿಂದ ನನ್ನ ಮೇಜಿಗೆ ಬರುವಷ್ಟರಲ್ಲಿ ಅವರ ಎಡಗಾಲಿನ ಚಪ್ಪಲಿ ಜಾರಿ ಹಿಂದೆಯೇ ಉಳಿದಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದ ಮಗಳು ಏನೂ ಮಾತಾಡದೆ ಬಗ್ಗಿ ಎತ್ತಿಕೊಂಡು ಬಂದಳು. ದಿನವೂ ಮಾಡುವ ಕೆಲಸದ ಹಾಗೆ. ಫೈಲು ತೆರೆದರೆ ಎರಡು ಪೆಟ್ ಸ್ಕ್ಯಾನ್, ಸಿಇಎ ಎಂಬ ರಕ್ತಪರೀಕ್ಷೆಯ ಮೂರು ರಿಪೋರ್ಟು. ಅಂಗಾಲಿನ ಜೋಮಿನ ಬಗ್ಗೆ ಒಂದಕ್ಷರವಿಲ್ಲ. ಕರುಳು ಕಟ್ಟಿಕೊಂಡು ತುರ್ತಾಗಿ ಆಪರೇಷನ್ ಆಗಿದ್ದರಿಂದ ಉಳಿದ ಕರುಳನ್ನು ಯಾರೂ ಒಮ್ಮೆಯೂ ಕೊಲೊನೋಸ್ಕೋಪಿ ಮಾಡಿ ನೋಡಿರಲಿಲ್ಲ. ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲಿನಲ್ಲಿ ‘ರೆಗ್ಯುಲರ್ ಫಾಲೋ-ಅಪ್’ ಎಂದಷ್ಟೇ ಇತ್ತು.

ಆ ಎರಡು ಪದಗಳ ಹಿಂದೆ ತೊಂಬತ್ತು ವರ್ಷಗಳ ವಾದವಿದೆ. ಈಗ ಅದನ್ನು ಅರ್ಧ ಓದಿದವರು ಎರಡು ಬಗೆಯ ಮಾತಾಡುತ್ತಿದ್ದಾರೆ. ಸಮ್ಮೇಳನಗಳಲ್ಲಿ ಕೇಳಿಬರುವುದು ‘ಫಾಲೋ-ಅಪ್‌ನಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು ದೊಡ್ಡ ಅಧ್ಯಯನಗಳೇ ಹೇಳಿವೆ’ ಎಂಬ ಮಾತು. ಪೇಟೆಯಲ್ಲಿ ನಡೆಯುವುದು ಮೂರು ತಿಂಗಳಿಗೊಂದು ಸ್ಕ್ಯಾನಿನ ಪ್ಯಾಕೇಜು. ಎರಡೂ ತಪ್ಪು ಎಂದು ಹೇಳಬೇಕಾದರೆ ಈ ವಿಷಯ ನಡೆದುಬಂದ ದಾರಿಯನ್ನು ಒಮ್ಮೆ ನೋಡಬೇಕು.

ಆರಂಭದ ಘಟ್ಟವನ್ನು ಬೇಗ ಹೇಳಿಬಿಡಬಹುದು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ 1932ರಲ್ಲಿ ಗುದನಾಳದ ಕ್ಯಾನ್ಸರನ್ನು ಎ, ಬಿ, ಸಿ ಎಂದು ವಿಂಗಡಿಸಿದ ಮೇಲೆ, ಯಾರಲ್ಲಿ ರೋಗ ತಿರುಗಿ ಬರುವ ಸಂಭವ ಹೆಚ್ಚು ಎಂದು ಅಂದಾಜು ಮಾಡಲು ಬಂತು. 1940ರ ದಶಕದ ಕೊನೆಗೆ ಮಿನ್ನೆಸೋಟದ ಓವನ್ ವ್ಯಾಂಗನ್‌ಸ್ಟೀನ್ ಯಾವ ಲಕ್ಷಣವೂ ಇಲ್ಲದವರ ಹೊಟ್ಟೆಯನ್ನು ಮತ್ತೆ ತೆರೆದು ನೋಡುವ ‘ಸೆಕೆಂಡ್ ಲುಕ್’ ಆಪರೇಷನ್ನುಗಳನ್ನು ಶುರುಮಾಡಿದರು. ಸ್ಕ್ಯಾನ್ ಇಲ್ಲದ ಕಾಲದ ಧೈರ್ಯವದು, ಆದರೆ ಅದರ ಬೆಲೆ ತೆತ್ತವರು ರೋಗಿಗಳು. 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಸಿಇಎ ಎಂಬ ಪ್ರೋಟೀನನ್ನು ಗುರುತಿಸಿದಾಗ, ಹೊಟ್ಟೆ ತೆರೆಯದೆ ರಕ್ತದಲ್ಲೇ ಸುಳಿವು ಸಿಗುತ್ತದೆಂಬ ಆಸೆ ಹುಟ್ಟಿತು. ಸಿಇಎ ಏರಿದೊಡನೆ ಹೊಟ್ಟೆ ತೆರೆದರೆ ಜೀವ ಉಳಿಯುತ್ತದೆಯೇ ಎಂದು ನೋಡಲು ಬ್ರಿಟನ್ನಿನಲ್ಲಿ 1982ರಲ್ಲೇ ಒಂದು ಪ್ರಯೋಗ ಆರಂಭವಾಯಿತು. ಉಳಿಯುವುದಿಲ್ಲ ಎಂಬ ಅದರ ಉತ್ತರ ಪ್ರಕಟವಾದದ್ದು 2014ರಲ್ಲಿ. ಇಷ್ಟು ವರ್ಷ ಒಂದು ಫಲಿತಾಂಶ ಕಪಾಟಿನಲ್ಲಿ ಉಳಿದದ್ದು ನಮ್ಮ ವೃತ್ತಿಗೆ ಶೋಭೆ ತರುವ ಸಂಗತಿಯಲ್ಲ.

‘ಕೀಮೋ ಮುಗಿಸಿದ ರೋಗಿ’ ಎಂಬ ವರ್ಗ ನಿಜವಾಗಿ ಹುಟ್ಟಿದ್ದೇ 1990ರಲ್ಲಿ. ಆ ವರ್ಷ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಗಡಿಗರು, ಮೂರನೆಯ ಹಂತದವರಿಗೆ ಆಪರೇಷನ್ ನಂತರ ಫ್ಲೂರೊಯುರಾಸಿಲ್ ಜೊತೆ ಲೆವಮಿಸೋಲ್ ಕೊಟ್ಟರೆ ಹೆಚ್ಚು ಜನ ಬದುಕುತ್ತಾರೆಂದು ತೋರಿಸಿದರು. ಅಲ್ಲಿಯವರೆಗೆ ಫಾಲೋ-ಅಪ್ ಸರ್ಜನ್ನರ ಕೆಲಸವಾಗಿತ್ತು; ಆಮೇಲೆ ನಮ್ಮ ಕೈಗೂ ಬಂತು. ಇದೇ ಹೊತ್ತಿಗೆ, ಲಿವರಿಗೆ ಹಬ್ಬಿದ ಗಡ್ಡೆಗಳನ್ನು ಕತ್ತರಿಸಿ ತೆಗೆದರೆ ಕೆಲವರು ಗುಣವಾಗುತ್ತಾರೆ ಎಂಬುದೂ ಖಾತರಿಯಾಗುತ್ತ ಬಂದಿತ್ತು. ಫಾಲೋ-ಅಪ್‌ಗೆ ಅರ್ಥ ಬಂದದ್ದು ಇದರಿಂದ. ತಿರುಗಿ ಬಂದ ರೋಗವನ್ನು ಬೇಗ ಹಿಡಿದು ಏನೂ ಮಾಡಲಾಗದಿದ್ದರೆ ಹಿಡಿದೂ ಪ್ರಯೋಜನವಿಲ್ಲ.

ನನ್ನ ತಲೆಮಾರಿನವರು ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಆಕ್ಸಾಲಿಪ್ಲಾಟಿನ್ ಕಾಲದಲ್ಲಿ. 2004ರಲ್ಲಿ ಪ್ರಕಟವಾದ ಮೊಸಾಯಿಕ್ ಅಧ್ಯಯನ 2,246 ರೋಗಿಗಳಲ್ಲಿ ಈ ಔಷಧಿ ಸೇರಿಸಿ ನೋಡಿತು. ಮೂರು ವರ್ಷಕ್ಕೆ ರೋಗವಿಲ್ಲದೆ ಇದ್ದವರು ಶೇಕಡಾ 72.9ರಿಂದ 78.2ಕ್ಕೆ ಏರಿದರು. ಆ ದಿನಗಳ ಉತ್ಸಾಹ ನನಗೆ ಚೆನ್ನಾಗಿ ನೆನಪಿದೆ. ವಾರ್ಡಿನಲ್ಲಿ ‘ತಣ್ಣೀರು ಮುಟ್ಟಬೇಡಿ, ಫ್ರಿಜ್ಜಿಗೆ ಕೈ ಹಾಕಬೇಡಿ’ ಎಂದು ಎಲ್ಲರಿಗೂ ಹೇಳುತ್ತಿದ್ದೆವು. ಔಷಧಿ ನಿಂತ ಮೇಲೂ ಎರಡು ಮೂರು ತಿಂಗಳು ಜೋಮು ಹೆಚ್ಚುತ್ತಲೇ ಹೋಗಬಹುದು ಎಂದು ಹೇಳುವುದು ಮಾತ್ರ ಮರೆಯುತ್ತಿದ್ದೆವು. ಮೊಸಾಯಿಕ್ ರೋಗಿಗಳನ್ನೇ ನಾಲ್ಕು ವರ್ಷದ ನಂತರ ಕೇಳಿದಾಗ ಶೇಕಡಾ 15ರಷ್ಟು ಜನರಲ್ಲಿ ಒಂದಿಷ್ಟಾದರೂ ಜೋಮು ಉಳಿದಿತ್ತು.

ಫಾಲೋ-ಅಪ್ ಎಷ್ಟಿರಬೇಕು ಎಂಬ ಪ್ರಶ್ನೆಗೆ ದೊಡ್ಡ ಮಟ್ಟದ ಉತ್ತರಗಳು ಬಂದದ್ದೂ ನಮ್ಮ ಕಾಲದಲ್ಲೇ. ಬ್ರಿಟನ್ನಿನ 39 ಆಸ್ಪತ್ರೆಗಳಲ್ಲಿ 1,202 ಜನರ ಮೇಲೆ ನಡೆದ ಫ್ಯಾಕ್ಸ್ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಲಕ್ಷಣ ಕಂಡಾಗ ಮಾತ್ರ ಬನ್ನಿ ಎಂದವರಲ್ಲಿ, ತಿರುಗಿ ಬಂದ ರೋಗಕ್ಕೆ ಗುಣವಾಗುವ ಆಸೆಯಿಂದ ಆಪರೇಷನ್ ಮಾಡಲು ಸಾಧ್ಯವಾದದ್ದು ಶೇಕಡಾ 2.3 ಜನರಿಗೆ. ಸಿಇಎ ಮಾಡಿಸಿದವರಲ್ಲಿ 6.7, ಸಿಟಿ ಮಾಡಿಸಿದವರಲ್ಲಿ 8, ಎರಡನ್ನೂ ಮಾಡಿಸಿದವರಲ್ಲಿ 6.6. ಎರಡನ್ನು ಸೇರಿಸಿದ್ದರಿಂದ ಲಾಭ ಹೆಚ್ಚಲಿಲ್ಲ, ಒಟ್ಟು ಸಾವುಗಳಲ್ಲೂ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಸ್ವೀಡನ್, ಡೆನ್ಮಾರ್ಕ್ ಮತ್ತು ಉರುಗ್ವೆಯ 2,509 ರೋಗಿಗಳ ಕೊಲೊಫಾಲ್ ಅಧ್ಯಯನ ಬಂತು. ಮೂರು ವರ್ಷದಲ್ಲಿ ಐದು ಸಲ ಸ್ಕ್ಯಾನ್ ಮತ್ತು ಸಿಇಎ ಮಾಡಿಸಿದವರಲ್ಲಿ ಐದು ವರ್ಷದ ಸಾವು ಶೇಕಡಾ 13, ಎರಡೇ ಸಲ ಮಾಡಿಸಿದವರಲ್ಲಿ 14.1. ಈ ಅಂತರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

‘ಫಾಲೋ-ಅಪ್ ವ್ಯರ್ಥ’ ಎಂಬ ಮಾತು ಹುಟ್ಟಿದ್ದು ಇಲ್ಲಿ. ಆದರೆ ಈ ಅಧ್ಯಯನಗಳಿಗೆ ಯಾರನ್ನು ಸೇರಿಸಿಕೊಂಡರು ಎಂಬುದನ್ನು ಓದಬೇಕು. ಫ್ಯಾಕ್ಸ್‌ಗೆ ಸೇರುವ ಮುನ್ನ ಪ್ರತಿಯೊಬ್ಬರಲ್ಲೂ ರೋಗ ಉಳಿದಿಲ್ಲವೆಂದು ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿಯಿಂದ ಖಚಿತಪಡಿಸಿಕೊಂಡಿದ್ದರು. ಕೊಲೊಫಾಲ್‌ನ ‘ಕಡಿಮೆ’ ಗುಂಪಿಗೂ ಹನ್ನೆರಡನೆಯ ಮತ್ತು ಮೂವತ್ತಾರನೆಯ ತಿಂಗಳಿಗೆ ಸಿಟಿ ಮತ್ತು ಸಿಇಎ ತಪ್ಪದೆ ಆಗಿತ್ತು. ಆ ಕಡಿಮೆಯ ಮಟ್ಟವನ್ನೂ ಮುಟ್ಟದ ರೋಗಿಗಳು ನನ್ನ ಒಪಿಡಿಯಲ್ಲಿ ದಿನವೂ ಕೂತಿರುತ್ತಾರೆ. ಅತಿಯಾಗಿ ಮಾಡಿದರೆ ಹೆಚ್ಚಿನ ಲಾಭವಿಲ್ಲ ಎಂಬುದನ್ನು ಏನೂ ಮಾಡದಿದ್ದರೂ ನಡೆದೀತು ಎಂದು ಓದುವುದು ಅನ್ಯಾಯ.

ಹೀಗಾಗಿ ನಾನು ನಂಬಿ ನಡೆಯುವುದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೊ 2013ರಲ್ಲಿ ಒಪ್ಪಿದ ಮಧ್ಯಮ ಮಾರ್ಗವನ್ನು. ಎರಡನೆಯ, ಮೂರನೆಯ ಹಂತದವರಿಗೆ ಐದು ವರ್ಷ, ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ಭೇಟಿ ಮತ್ತು ಸಿಇಎ. ಮೂರು ವರ್ಷ, ವರ್ಷಕ್ಕೊಮ್ಮೆ ಎದೆ ಮತ್ತು ಹೊಟ್ಟೆಯ ಸಿಟಿ. ಆಪರೇಷನ್ ಆದ ಒಂದು ವರ್ಷಕ್ಕೆ ಕೊಲೊನೋಸ್ಕೋಪಿ. ಮೊದಲು ಕರುಳನ್ನು ಪೂರ್ತಿ ನೋಡಿರದಿದ್ದರೆ ಅಷ್ಟು ಕಾಯದೆ ಮೊದಲೇ. ಸುಮ್ಮನೆ ಕಾಯುವ ಹಂತದಲ್ಲಿ ಪೆಟ್ ಸ್ಕ್ಯಾನಿಗೆ ಇದರಲ್ಲಿ ಜಾಗವಿಲ್ಲ. ತಿರುಗಿ ಬರುವ ರೋಗದಲ್ಲಿ ಸುಮಾರು ಶೇಕಡಾ 80 ಮೊದಲ ಮೂರು ವರ್ಷದಲ್ಲೇ ಬರುವುದರಿಂದ ಈ ಲೆಕ್ಕ.

ಸಿಇಎ ಬಗ್ಗೆ ಒಂದು ಮಾತು ಸೇರಿಸಬೇಕು. ಐದನ್ನು ಗೆರೆಯಾಗಿಟ್ಟುಕೊಂಡರೆ ತಿರುಗಿ ಬಂದ ನೂರು ರೋಗಗಳಲ್ಲಿ ಸುಮಾರು 71 ಮಾತ್ರ ಸಿಕ್ಕುತ್ತವೆ ಎಂದು 2015ರ ಕಾಕ್ರೇನ್ ಸಮೀಕ್ಷೆ ಹೇಳಿದೆ. ಬೀಡಿ ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆಯಿರುವವರಲ್ಲಿ, ಕೀಮೋ ನಡೆಯುತ್ತಿರುವಾಗಲೂ ಅದು ಏರಬಹುದು. ಒಂದೇ ಲ್ಯಾಬಿನಲ್ಲಿ ಮಾಡಿಸಿ, ಏರಿಳಿತವನ್ನು ಸಾಲಾಗಿ ನೋಡಬೇಕು. 5.2 ಎಂದು ಬಂದ ರಾತ್ರಿ ನಿದ್ದೆಗೆಟ್ಟು ಬೆಳಗ್ಗೆ ಬಸ್ಸು ಹತ್ತಿ ಬಂದವರನ್ನು ನಾನು ತುಂಬ ನೋಡಿದ್ದೇನೆ.

ಇಷ್ಟೆಲ್ಲ ಚರ್ಚೆ ರೋಗ ತಿರುಗಿ ಬರುವುದರ ಸುತ್ತಲೇ ತಿರುಗಿತು. ಬರದೇ ಉಳಿದವರು ಹೇಗಿದ್ದಾರೆಂದು ಕೇಳಿದ ಪರಂಪರೆ ಬೇರೆಯದು, ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ. ಸ್ವತಃ ಕ್ಯಾನ್ಸರ್ ದಾಟಿ ಬಂದ ವೈದ್ಯ ಫಿಟ್ಜ್‌ಹ್ಯೂ ಮಲ್ಲನ್ 1985ರಲ್ಲಿ ಬರೆದ ಲೇಖನ, ಚಿಕಿತ್ಸೆ ಮುಗಿದ ನಂತರದ ಬದುಕನ್ನು ಅದರದೇ ಋತುಗಳಿರುವ ಕಾಲವಾಗಿ ನೋಡಿತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ವರದಿ ಇಪ್ಪತ್ತು ವರ್ಷದ ಹಿಂದೆ, ಪ್ರತಿ ರೋಗಿಗೂ ಕೊಟ್ಟ ಚಿಕಿತ್ಸೆಯ ಸಾರಾಂಶ ಮತ್ತು ಮುಂದಿನ ಯೋಜನೆಯನ್ನು ಬರೆದು ಕೊಡಬೇಕೆಂದಿತು. ಆಮೇಲೆ ನಡೆದ ಪ್ರಯೋಗಗಳಲ್ಲಿ ಬರೀ ಹಾಳೆ ಕೊಟ್ಟದ್ದರಿಂದ ದೊಡ್ಡ ಬದಲಾವಣೆ ಕಾಣದಾಗ ಉತ್ಸಾಹ ಕುಗ್ಗಿತು. ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗಿ ಕುಟುಂಬ ವೈದ್ಯರ ಕೈಗೂ ತಲುಪುವ ದೇಶಗಳಲ್ಲಿ ಹಾಳೆಯಿಂದ ಲಾಭ ಕಾಣದಿರಬಹುದು. ರೋಗಿಯ ಪ್ಲಾಸ್ಟಿಕ್ ಚೀಲವೇ ದಾಖಲೆಯ ಕಪಾಟಾಗಿರುವ ನಮ್ಮಲ್ಲಿ ಆ ಪ್ರಯೋಗವನ್ನು ಬೇರೆಯಾಗಿ ಮಾಡಿ ನೋಡಬೇಕು.

ಜೋಮಿನ ವಿಷಯಕ್ಕೆ ಬರುತ್ತೇನೆ. 2018ರಲ್ಲಿ 12,834 ರೋಗಿಗಳ ಐಡಿಯಾ ವಿಶ್ಲೇಷಣೆ, ಕಡಿಮೆ ಅಪಾಯದ ಮೂರನೆಯ ಹಂತದವರಲ್ಲಿ ಹಲವರಿಗೆ ಆರರ ಬದಲು ಮೂರು ತಿಂಗಳ ಕೀಮೋ ಸಾಕೆಂದಿತು. ಮಧ್ಯಮ ಅಥವಾ ತೀವ್ರ ಜೋಮು ಅದರಿಂದ ಸುಮಾರು ಮೂರನೇ ಒಂದಕ್ಕೆ ಇಳಿಯಿತು. ನನ್ನ ಕಾಲದಲ್ಲಿ ರೋಗಿಗೆ ಕಣ್ಣಿಗೆ ಕಾಣುವ ನೆಮ್ಮದಿ ತಂದ ಅಧ್ಯಯನವಿದು. ಜೋಮು ಉಳಿದೇಬಿಟ್ಟವರಿಗೆ ನಮ್ಮಲ್ಲಿ ಯಾಂತ್ರಿಕವಾಗಿ ಬಿ12 ಮಾತ್ರೆ ಬರೆಯುತ್ತಾರೆ. ನೋವಿಗೆ ಪ್ರಯೋಗದಲ್ಲಿ ಉಪಯೋಗ ಕಂಡದ್ದು ಡ್ಯುಲಾಕ್ಸೆಟೀನ್ ಒಂದೇ, 2013ರಲ್ಲಿ. ಹಾವೇರಿಯ ಆ ರೈತರಿಗೆ ಮೊದಲು ಹೇಳಿದ್ದು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ಗದ್ದೆಗಿಳಿಯುವಾಗ ಬೂಟು, ರಾತ್ರಿ ಮಲಗುವ ಮುನ್ನ ಮಗಳು ಅಂಗಾಲು ನೋಡಬೇಕು ಎಂದು. ಮುಳ್ಳು ಹೊಕ್ಕರೂ ಅವರಿಗೆ ತಿಳಿಯುತ್ತಿರಲಿಲ್ಲ.

ಈಚಿನ ದೊಡ್ಡ ಸುದ್ದಿ ಚಾಲೆಂಜ್ ಅಧ್ಯಯನ. 2009ರಲ್ಲಿ ಕೆನಡಾದವರು ಶುರುಮಾಡಿ ಆಸ್ಟ್ರೇಲಿಯಾದವರನ್ನೂ ಕೂಡಿಸಿಕೊಂಡು, ಕೀಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಕಲಿಸಿ, ಬೆನ್ನುಹತ್ತಿ ಮಾಡಿಸಿದರು. 2025ರ ಫಲಿತಾಂಶದಲ್ಲಿ ಎಂಟು ವರ್ಷಕ್ಕೆ ಬದುಕುಳಿದವರು ವ್ಯಾಯಾಮದ ಗುಂಪಿನಲ್ಲಿ ಶೇಕಡಾ 90.3, ಆರೋಗ್ಯ ಪುಸ್ತಿಕೆ ಮಾತ್ರ ಪಡೆದವರಲ್ಲಿ 83.2. ಯಾವ ಸ್ಕ್ಯಾನ್ ವೇಳಾಪಟ್ಟಿಯೂ ಇಷ್ಟು ಕೊಟ್ಟಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಿನ ನಡಿಗೆ ಸೇರಿಸಿದರೆ ಅವರು ಇಟ್ಟುಕೊಂಡ ಗುರಿಗೆ ಹತ್ತಿರ ಬರುತ್ತದೆ. ಅದೇ ವರ್ಷದ ಸ್ವೀಡನ್ನಿನ ಅಲಾಸ್ಕಾ ಅಧ್ಯಯನದಲ್ಲಿ, ಗಡ್ಡೆಯಲ್ಲಿ ಒಂದು ನಿರ್ದಿಷ್ಟ ಜೀನ್ ಬದಲಾವಣೆಯಿದ್ದವರಿಗೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ರೋಗ ತಿರುಗಿ ಬರುವುದು ಅರ್ಧದಷ್ಟು ಇಳಿಯಿತು. ಭಾರತದ ರೋಗಿಗಳೂ ಇದ್ದ ಆಸ್ಕೋಲ್ಟ್ ಅಧ್ಯಯನ ಆಸ್ಪಿರಿನ್ನನ್ನು ಯಾವ ಜೀನೂ ನೋಡದೆ ಎಲ್ಲರಿಗೂ ಕೊಟ್ಟಿತ್ತು. ಗಟ್ಟಿಯಾದ ಲಾಭ ಕಾಣಲಿಲ್ಲ. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಪರೀಕ್ಷೆ, ಕೀಮೋ ಯಾರಿಗೆ ಬೇಕೆಂದು ತೀರ್ಮಾನಿಸುವಲ್ಲಿ 2022ರ ಡೈನಮಿಕ್ ಅಧ್ಯಯನದಲ್ಲಿ ಉಪಯೋಗಕ್ಕೆ ಬಂತು. ಕೀಮೋ ಮುಗಿಸಿದವರು ಅದನ್ನು ಪದೇ ಪದೇ ಮಾಡಿಸುವುದರಿಂದ ಜೀವ ಉಳಿಯುತ್ತದೆಂದು ಅದು ತೋರಿಸಿಲ್ಲ. ಸಾಲ ಮಾಡಿ ಅದನ್ನು ಮಾಡಿಸಬೇಡಿ.

ನಮ್ಮ ಕಡೆಗೆ ಬಂದರೆ, ಕಿದ್ವಾಯಿ ಸಂಸ್ಥೆ 1973ರಿಂದ ಇದೆ, ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ. ಹೊಸ ರೋಗಿಗಳನ್ನು ಎಣಿಸುವುದನ್ನು ನಾವು ಕಲಿತಿದ್ದೇವೆ. ಕೀಮೋ ಮುಗಿಸಿ ಊರಿಗೆ ಹೋದವರು ಎಷ್ಟನೆಯ ತಿಂಗಳಿಗೆ ಬರುವುದನ್ನು ನಿಲ್ಲಿಸುತ್ತಾರೆ, ಏಕೆ ನಿಲ್ಲಿಸುತ್ತಾರೆ ಎಂದು ಎಣಿಸಲು ಇನ್ನೂ ಕಲಿಯಬೇಕಿದೆ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ವೆಚ್ಚ ಸೇರುತ್ತದೆ. ಫಾಲೋ-ಅಪ್ ಐದು ವರ್ಷದ್ದು. ಈ ಎರಡು ಸಂಖ್ಯೆಗಳ ನಡುವಿನ ಖರ್ಚನ್ನು ರೋಗಿ ಮಾರಿದ ಎತ್ತು, ಅಡವಿಟ್ಟ ಒಡವೆ ಭರಿಸುತ್ತಿವೆ. ಆಸ್ಟ್ರೇಲಿಯಾದಲ್ಲಿ 2006ರಲ್ಲೇ ಒಂದು ಅಧ್ಯಯನ, ಈ ಕ್ಯಾನ್ಸರಿನ ಫಾಲೋ-ಅಪ್ ಅನ್ನು ಕುಟುಂಬ ವೈದ್ಯರು ಮಾಡಿದರೂ ಸರ್ಜನ್ನರು ಮಾಡಿದರೂ ರೋಗಿಯ ಬದುಕಿನ ಗುಣಮಟ್ಟದಲ್ಲಿ ವ್ಯತ್ಯಾಸವಿಲ್ಲವೆಂದಿತ್ತು. ತಾಲೂಕು ಆಸ್ಪತ್ರೆಯ ವೈದ್ಯರಿಗೆ ವೇಳಾಪಟ್ಟಿ ಕೈಯಲ್ಲಿದ್ದರೆ ಸಿಇಎ ರಕ್ತ ತೆಗೆಯಲು ಹಾವೇರಿಯಿಂದ ಬೆಂಗಳೂರಿಗೆ ಬರಬೇಕಿಲ್ಲ.

ಆ ರೈತರ ಕೊಲೊನೋಸ್ಕೋಪಿಯಲ್ಲಿ ಎರಡು ಪಾಲಿಪ್ ಸಿಕ್ಕವು, ತೆಗೆದೆವು. ಮಗಳ ಕೈಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಟ್ಟೆ: ಯಾವ ಔಷಧಿ ಎಷ್ಟು ಸಲ ಆಗಿದೆ, ಮುಂದಿನ ಸಿಇಎ, ಸಿಟಿ, ಕೊಲೊನೋಸ್ಕೋಪಿ ಯಾವ ತಿಂಗಳು ಯಾವ ಊರಲ್ಲಿ, ಏನಾದರೆ ಕಾಯದೆ ಬರಬೇಕು, ನಡಿಗೆ ಎಷ್ಟು, ಮನೆಯಲ್ಲಿ ಇನ್ಯಾರು ಯಾವ ವಯಸ್ಸಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬರೆಯಲು ಹತ್ತು ನಿಮಿಷ ಹಿಡಿಯಿತು. ಕೊನೆಯ ಸೈಕಲ್ ಮುಗಿಸಿ ಹೊರಡುವವರು ಈ ಹಾಳೆಯನ್ನು ಕೇಳಿ ಪಡೆಯಿರಿ. ಅದಿಲ್ಲದೆ ಆಸ್ಪತ್ರೆಯ ಗೇಟು ದಾಟಬೇಡಿ.