ಮದ್ದಿಲ್ಲದ ಕಡೆ ಮನುಷ್ಯರು ಬಂದರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳೆಯ ಊರೊಂದಕ್ಕೆ ಹೋಗಿ, ಎಪ್ಪತ್ತು ದಾಟಿದ ಹಿರಿಯರ ಬಳಿ ಕುಳಿತು ‘ನಾರುಹುಣ್ಣು’ ಎಂಬ ಮಾತನ್ನು ಎತ್ತಿ ನೋಡಿ. ಕೆಲವರಾದರೂ ಧೋತರ ಸರಿಸಿ, ಮೊಣಕಾಲ ಕೆಳಗಿನ ಕಲೆಯನ್ನು ತೋರಿಸಿಯಾರು. ಅದೇ ಮಾತನ್ನು ಅದೇ ಮನೆಯ ಮೊಮ್ಮಕ್ಕಳಿಗೆ ಹೇಳಿದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಒಂದು ರೋಗವು ಎರಡು ತಲೆಮಾರಿನೊಳಗೆ ಜನರ ಮೈಯಿಂದ ಮಾತ್ರವಲ್ಲ, ನೆನಪಿನಿಂದಲೂ ಅಳಿಸಿಹೋಗಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ರೋಗದ ಜೊತೆಗೆ ಅದನ್ನು ಓಡಿಸಿದವರನ್ನೂ ನಾವು ಮರೆತುಬಿಟ್ಟೆವಲ್ಲ! ಮನೆಮನೆಗೆ ನಡೆದು ಊರಿನ ಆರೋಗ್ಯ ಕಾದ ಆ ಸ್ವಯಂಸೇವಕರ ಚರಿತ್ರೆಯನ್ನು ಸ್ವಲ್ಪ ನೆನೆಯೋಣ.

ಬರದ ಸೀಮೆ, ಸವಳು ನೀರು

1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲೆ ಬಿಜಾಪುರ ಜಿಲ್ಲೆಯಲ್ಲಿ ಉಳಿದದ್ದು ಐದೇ ತಾಲ್ಲೂಕುಗಳು: ಬಿಜಾಪುರ ಮತ್ತು ಮೇಲೆ ಹೇಳಿದ ನಾಲ್ಕು. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರು ವಿಜಯಪುರವೆಂದಾಯಿತು. ಆ ಬಳಿಕ ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ಚಡಚಣ, ದೇವರ ಹಿಪ್ಪರಗಿ, ಆಲಮೇಲ ಮುಂತಾದವು ಹೊಸ ತಾಲ್ಲೂಕುಗಳಾದವು. ಉತ್ತರದಲ್ಲಿ ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ, ದಕ್ಷಿಣದಲ್ಲಿ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ, ನಡುವೆ ಡೋಣಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವುದು ಇಲ್ಲಿಯ ಗಾದೆ. ಆದರೆ ಆ ಡೋಣಿಯ ನೀರು ಸವಳು; ಹೊಲಕ್ಕೆ ಮಣ್ಣು ಕೊಟ್ಟಿತೇ ಹೊರತು ಬಾಯಿಗೆ ಸಿಹಿನೀರು ಕೊಡಲಿಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆ ಅನುಭವಿಸಿದ್ದು ಅಷ್ಟಿಷ್ಟಲ್ಲ. 1791–92ರ ಬರವನ್ನು ಜನ ತಲೆಬುರುಡೆಯ ಬರವೆಂದೇ ಕರೆದರು. ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವಂತೆ. 1876–78ರ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಎಂಬ ಹೆಸರಿದ್ದ ಈ ಜಿಲ್ಲೆ ತನ್ನ ಜನಸಂಖ್ಯೆಯಲ್ಲಿ ಐದರಲ್ಲಿ ಒಂದು ಪಾಲನ್ನು ಸಾವಿಗೆ ಮತ್ತು ವಲಸೆಗೆ ಕಳೆದುಕೊಂಡಿತು. ಸರಕಾರದ ಕೈ ತಲುಪದ ಇಂಥ ದಿನಗಳಲ್ಲಿ ಒಬ್ಬರನ್ನೊಬ್ಬರು ಉಳಿಸಿಕೊಂಡದ್ದು ನೆರೆಹೊರೆಯೇ. ಬಸವಣ್ಣನವರು ಹುಟ್ಟಿದ ನಾಡಿದು. ದಾಸೋಹವೆಂಬ ಮಾತನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಣಿಸುವುದು ಮಾತ್ರವಲ್ಲ, ತಾನು ಮಾಡಿದ ದುಡಿಮೆಯಲ್ಲಿ ಇನ್ನೊಬ್ಬರ ಪಾಲಿದೆ ಎಂದು ತಿಳಿಯುವುದೇ ದಾಸೋಹ.

ಬಾವಿಯಲ್ಲಿದ್ದ ಶತ್ರು

ಸಿಹಿನೀರಿನ ಕೊರತೆಯಿದ್ದ ಈ ಸೀಮೆಯಲ್ಲಿ ಮೆಟ್ಟಿಲು ಬಾವಿಗಳೇ ಜೀವಾಳ. ಬಿಜಾಪುರದ ತಾಜ ಬಾವಡಿಯಂಥ ದೊಡ್ಡವನ್ನು ಸುಲ್ತಾನರು ಕಟ್ಟಿಸಿದರೆ, ಹಳ್ಳಿಗಳಲ್ಲಿ ಊರವರೇ ಕಟ್ಟಿಕೊಂಡರು. ಹೆಣ್ಣುಮಕ್ಕಳು ಮೆಟ್ಟಿಲಿಳಿದು ಮೊಣಕಾಲವರೆಗೆ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ನಾರುಹುಣ್ಣಿನ ಹುಳ ಕಾಯುತ್ತಿದ್ದದ್ದು ಇದನ್ನೇ.

ಈ ರೋಗದ ದಾರಿ ವಿಚಿತ್ರವಾದುದು. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಮರಿಹುಳ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯೊಳಗೆ ಸೇರಿಕೊಳ್ಳುತ್ತದೆ. ಆ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ಒಂದು ವರ್ಷದಷ್ಟು ಕಾಲ ಸದ್ದಿಲ್ಲದೆ ಬೆಳೆದು, ಒಂದು ಮೀಟರ್‌ವರೆಗೆ ಉದ್ದವಾಗುತ್ತದೆ. ಬಳಿಕ ಸಾಮಾನ್ಯವಾಗಿ ಕಾಲಿನಲ್ಲಿ ಬೊಬ್ಬೆಯೆದ್ದು, ಬಿಳಿಯ ನಾರಿನಂತೆ ಹುಳ ಹೊರಗೆ ಬರುತ್ತದೆ. ಬೆಂಕಿಯಂಥ ಉರಿ. ಉರಿ ತಣಿಸಲು ರೋಗಿ ಕಾಲನ್ನು ನೀರಿನಲ್ಲಿಡುತ್ತಾನೆ. ಅದೇ ಕ್ಷಣ ಹುಳ ಸಾವಿರಾರು ಮರಿಗಳನ್ನು ಬಾವಿಗೆ ಬಿಡುತ್ತದೆ. ಮರುವರ್ಷದ ರೋಗಕ್ಕೆ ಬೀಜ ಬಿತ್ತಿದಂತೆ. ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ನಾಲ್ಕು ಬೆರಳಿಗಿಂತ ಕಡಿಮೆ ಎಳೆಯಬೇಕು. ಅವಸರಪಟ್ಟು ಹರಿದರೆ ಕಾಲು ಕೀವು ತುಂಬಿ ಊದಿಕೊಳ್ಳುತ್ತದೆ. ಹುಳ ಏಳುವ ಕಾಲಕ್ಕೇ ಹೊಲದ ಕೆಲಸ ಬಂದರೆ, ಸುಗ್ಗಿಗೆ ಮುಂಚೆಯೇ ಆ ಮನೆಗೆ ಬರ ಬಂದಂತೆ.

ಇದಕ್ಕೆ ಚುಚ್ಚುಮದ್ದು ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ಇಂದಿಗೂ ಇಲ್ಲ. ಹಾಗಿದ್ದೂ ರೋಗ ಹೋಯಿತು. ಹೇಗೆ?

1983–84ರಲ್ಲಿ ದೇಶ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. 1984ರ ಎಣಿಕೆಯಲ್ಲಿ ಏಳು ರಾಜ್ಯಗಳ 12,840 ಹಳ್ಳಿಗಳಲ್ಲಿ 39,792 ರೋಗಿಗಳು ಸಿಕ್ಕರು. ಕರ್ನಾಟಕವೂ ಆ ಏಳರಲ್ಲಿ ಒಂದು; ನಮ್ಮ ಉತ್ತರದ ಬಯಲುಸೀಮೆಯ ಜಿಲ್ಲೆಗಳೇ ಅದರ ನೆಲೆ. ಆಗ ಆದದ್ದು ಮನೆಮನೆಯ ಹುಡುಕಾಟ. ಹುಣ್ಣಿದ್ದವರ ಹೆಸರು ಬರೆದುಕೊಳ್ಳುವುದು, ಕಾಲಿಗೆ ಪಟ್ಟಿ ಕಟ್ಟಿ ಬಾವಿಗೆ ಇಳಿಯದಂತೆ ನೋಡಿಕೊಳ್ಳುವುದು, ಕೊಡದ ಬಾಯಿಗೆ ಎರಡು ಮಡಿಕೆಯ ಬಟ್ಟೆ ಕಟ್ಟಿ ಸೋಸಲು ಕಲಿಸುವುದು, ಬಾವಿಗೆ ಔಷಧ ಹಾಕಲು ಊರವರನ್ನು ಒಪ್ಪಿಸುವುದು, ಮೆಟ್ಟಿಲು ಮುಚ್ಚಿ ಹಗ್ಗದಿಂದ ಸೇದುವ ಬಾವಿ ಮಾಡಿಸುವುದು, ಕೈಪಂಪು ಬಂದಲ್ಲಿ ಅದರ ನೀರನ್ನೇ ಕುಡಿಯುವಂತೆ ಹೇಳುವುದು. ಇವುಗಳಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ಆದರೆ ಊರಿನೊಳಗಿನ ಒಬ್ಬರು ಮತ್ತೆ ಮತ್ತೆ ಬಾಗಿಲಿಗೆ ಬಂದು ಹೇಳದಿದ್ದರೆ ಯಾವುದೂ ಆಗುವಂಥದ್ದಲ್ಲ. ದೇಶದ ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರದ ಕಡೆ ಕಂಡುಬಂದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಊರಿನವರೇ ಊರಿನ ವೈದ್ಯರು

ಊರಿನವರನ್ನೇ ಆರೋಗ್ಯದ ಕೆಲಸಕ್ಕೆ ಹಚ್ಚುವ ಈ ಯೋಚನೆ ಎಲ್ಲಿಂದ ಬಂತು? ಅದರ ಒಂದು ಬೇರು ನಮಗೆ ತೀರ ದೂರದಲ್ಲೇನೂ ಇಲ್ಲ. ಭೀಮೆಯನ್ನು ದಾಟಿ ಸೊಲ್ಲಾಪುರದ ಆಚೆಗೆ ಹೋದರೆ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಜಾಮಖೇಡ. ಅದೂ ನಮ್ಮಂತೆಯೇ ಬರದ ಸೀಮೆ. ಅಲ್ಲಿ 1970ರಲ್ಲಿ ವೈದ್ಯ ದಂಪತಿಗಳಾದ ರಜನೀಕಾಂತ ಆರೋಳೆ ಮತ್ತು ಮೇಬಲ್ ಆರೋಳೆ ಒಂದು ಸೇವಾಸಂಸ್ಥೆಯನ್ನು ಕಟ್ಟಿದರು. ಓದು ಬರಹ ಬಾರದ, ಎಷ್ಟೋ ಜನ ದಲಿತ ಓಣಿಯವರೇ ಆದ ಹೆಣ್ಣುಮಕ್ಕಳನ್ನು ಆರಿಸಿ, ಹೆರಿಗೆ, ಮಕ್ಕಳ ಭೇದಿ, ಕುಷ್ಠರೋಗಗಳ ವಿಷಯ ಕಲಿಸಿದರು. ಕಲಿತವರು ತಮ್ಮ ಊರಿಗೆ ಹಿಂತಿರುಗಿ ಬಾಣಂತಿಯರನ್ನೂ ಕೂಸುಗಳನ್ನೂ ಉಳಿಸಿದರು. ಮೊದಲು ಅವರನ್ನು ಮನೆಯೊಳಗೆ ಬಿಟ್ಟುಕೊಳ್ಳದವರೇ ಮುಂದೆ ರಾತ್ರಿ ಹೊತ್ತಿನಲ್ಲಿ ಅವರ ಬಾಗಿಲು ಬಡಿದರು.

1977ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತನನ್ನು ನೇಮಿಸುವ ಯೋಜನೆ ತಂದಿತು. ತಿಂಗಳಿಗೆ ಗೌರವಧನ 50 ರೂಪಾಯಿ. ಮುಂದೆ ಇವರಿಗೆ ಗ್ರಾಮ ಆರೋಗ್ಯ ಮಾರ್ಗದರ್ಶಿ ಎಂಬ ಹೆಸರಾಯಿತು. 1943ರಲ್ಲಿ ಗುಂಟೂರಿನ ವೈದ್ಯ ಧರ್ಮಭಗಿನಿ ಮೇರಿ ಗ್ಲೌರಿಯವರು ಕಟ್ಟಿದ ಕಥೋಲಿಕ ಆಸ್ಪತ್ರೆಗಳ ಸಂಘವೂ ಎಂಬತ್ತರ ದಶಕದಲ್ಲಿ ಇದೇ ಕಡೆಗೆ ತಿರುಗಿತು. ಹಾಸಿಗೆಗಳ ಸಂಖ್ಯೆ ಹೆಚ್ಚಿಸಿದರೆ ಸಾಲದು, ಜನರ ಓಣಿಗೇ ಹೋಗಬೇಕು ಎಂಬ ಅರಿವು ಅದಕ್ಕೆ ಮೂಡಿತು. ಬಿಜಾಪುರ ನಗರದಲ್ಲಿ ಆ ದಶಕದಲ್ಲೇ ಎರಡು ವೈದ್ಯಕೀಯ ಕಾಲೇಜುಗಳು ತೆರೆದವು. ಆದರೆ ಭೀಮಾತೀರದ ಹಳ್ಳಿಯಿಂದ ಬಿಜಾಪುರದ ಆಸ್ಪತ್ರೆಗೆ ಇದ್ದ ದೂರ ಬರೀ ರಸ್ತೆಯ ದೂರವಲ್ಲ. ಹೆದರಿಕೆಯ ದೂರ, ದುಡ್ಡಿನ ದೂರ, ಜಾತಿಯ ದೂರವೂ ಹೌದು. ಆ ದೂರವನ್ನು ಕಟ್ಟಡಗಳು ದಾಟಲಾರವು. ಮನುಷ್ಯರೇ ದಾಟಬೇಕು.

ಎರಡನೆಯ ಪರೀಕ್ಷೆ

ನಾರುಹುಣ್ಣು ಹೋಗುವ ಹೊತ್ತಿಗೆ ಇನ್ನೊಂದು ಮದ್ದಿಲ್ಲದ ರೋಗ ಬಾಗಿಲಿಗೆ ಬಂದಿತ್ತು. ಬರ ಬಿದ್ದಾಗ ಇಲ್ಲಿಯವರು ದುಡಿಯಲು ಮುಂಬೈ, ಪುಣೆ, ಸಾಂಗ್ಲಿ, ಗೋವೆಗಳಿಗೆ ಹೋಗುತ್ತಾರೆ. ಜೊತೆಗೆ, ಬಡ ದಲಿತ ಮನೆಗಳ ಎಳೆಯ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವ ಕೆಟ್ಟ ಪದ್ಧತಿ. 1982ರ ಕಾಯ್ದೆ ಅದನ್ನು ನಿಷೇಧಿಸಿದರೂ ಗುಟ್ಟಾಗಿ ನಡೆದೇ ಇತ್ತು. ಈ ಎರಡು ದಾರಿಗಳಲ್ಲಿ ಎಚ್‌ಐವಿ ಹಳ್ಳಿಗಳನ್ನು ಸೇರಿತು. 2003ರಲ್ಲಿ ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ, ಪರೀಕ್ಷಿಸಿದ ಸಾಮಾನ್ಯ ಜನರ ಪೈಕಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡಿತು.

ಆ ದಿನಗಳಲ್ಲಿ ಜನ ರೋಗಕ್ಕಿಂತ ರೋಗದ ಹೆಸರಿಗೆ ಹೆದರುತ್ತಿದ್ದರು. ತಟ್ಟೆ ಲೋಟ ಬೇರೆ, ಮಲಗುವ ಜಾಗ ಬೇರೆ. ಸತ್ತರೆ ಹೆಗಲು ಕೊಡುವವರಿಲ್ಲ. 2003ರಲ್ಲಿ ಆರಂಭವಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಎಂಬ ಸೇವಾಸಂಸ್ಥೆ ಬಿಜಾಪುರ, ಬಾಗಲಕೋಟೆ ಮುಂತಾದ ಜಿಲ್ಲೆಗಳಲ್ಲಿ ಕೆಲಸಕ್ಕಿಳಿದಾಗ ಹೊರಗಿನಿಂದ ಉಪದೇಶಕರನ್ನು ತರಲಿಲ್ಲ. ಲೋಕ ಕೀಳಾಗಿ ಕಂಡ ಆ ಹೆಣ್ಣುಮಕ್ಕಳನ್ನೇ ಕಾರ್ಯಕರ್ತೆಯರನ್ನಾಗಿ ಆರಿಸಿತು. ಒಬ್ಬೊಬ್ಬರಿಗೆ ಐವತ್ತು ಅರವತ್ತು ಗೆಳತಿಯರ ಹೊಣೆ. ಅಕ್ಷರ ಬಾರದವರಿಗಾಗಿ ಚಿತ್ರಗಳ ಹಾಳೆ: ಯಾರನ್ನು ಭೇಟಿಯಾದೆ, ಯಾರು ತಪಾಸಣೆಗೆ ಹೋದರು, ಯಾರ ಮನೆಯಲ್ಲಿ ಹೊಡೆತ ಬಡಿತವಿದೆ ಎಂದು ಗುರುತು ಹಾಕಿಕೊಳ್ಳಬೇಕು. 2004ರ ಏಪ್ರಿಲ್ 1ರಿಂದ ಸರಕಾರ ಉಚಿತವಾಗಿ ಔಷಧ ಕೊಡತೊಡಗಿತು. ಇದು ರೋಗವನ್ನು ಕಿತ್ತೊಗೆಯುವ ಮದ್ದಲ್ಲ, ದಿನವೂ ತಪ್ಪದೆ ನುಂಗಿದರೆ ಬದುಕು ಕೊಡುವ ಮದ್ದು. ಮೊದಲ ಸಲ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು, ಗುಳಿಗೆ ಬಿಟ್ಟಾಗ ಬಂದು ಗದರುವವರು ಇಲ್ಲದಿದ್ದರೆ ಆ ಮದ್ದು ಕಪಾಟಿನಲ್ಲೇ ಉಳಿಯುತ್ತಿತ್ತು.

ಎಲ್ಲ ಪ್ರಯತ್ನವೂ ಅಂದುಕೊಂಡಂತೆ ಫಲಿಸಿತೆಂದು ಹೇಳಿದರೆ ಅದು ಚರಿತ್ರೆಯಾಗದು. ಅದೇ ಸಂಸ್ಥೆ 2014ರಿಂದ 2017ರವರೆಗೆ ವಿಜಯಪುರ ಮತ್ತು ಬಾಗಲಕೋಟೆಯ ಹಳ್ಳಿಗಳಲ್ಲಿ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಹೈಸ್ಕೂಲು ಬಿಡದಂತೆ, ಬಾಲ್ಯವಿವಾಹಕ್ಕೆ ಬಲಿಯಾಗದಂತೆ ನೋಡಿಕೊಳ್ಳುವುದು ಅದರ ಗುರಿ. ಕಾರ್ಯಕರ್ತೆಯರು ತಂದೆತಾಯಿಗಳೊಡನೆ, ಶಾಲೆಗಳೊಡನೆ, ಊರ ಹುಡುಗರೊಡನೆ ಮಾತನಾಡಿದರು. ಕೊನೆಗೆ ಲೆಕ್ಕ ಹಾಕಿದಾಗ ಕಾರ್ಯಕ್ರಮವಿದ್ದ ಹಳ್ಳಿಗಳಿಗೂ ಇಲ್ಲದ ಹಳ್ಳಿಗಳಿಗೂ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಶಾಲೆಯಲ್ಲಿ ಉಳಿದ ಹುಡುಗಿಯರು ಹೆಚ್ಚಾಗಿದ್ದರು. ಶ್ರಮಿಸಿದವರಿಗೆ ಇದು ನಿರಾಸೆಯೇ ಇರಬಹುದು. ಆದರೆ ಸೋತದ್ದನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಸೇವೆಯ ಒಂದು ಭಾಗವೆಂದೇ ನಾನು ತಿಳಿಯುತ್ತೇನೆ.

ಪಟ್ಟಿಯಿಂದ ಬಿಟ್ಟುಹೋದ ಹೆಸರು

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರೊಡನೆ ಆಶಾ ಕಾರ್ಯಕರ್ತೆ ಬಂದಳು. ಸಾವಿರ ಜನಕ್ಕೆ ಒಬ್ಬಳು, ಅದೇ ಊರಿನ ಸೊಸೆ ಅಥವಾ ಮಗಳು. 2009ರಿಂದ 2015ರವರೆಗೆ ಬಿಜಾಪುರವೂ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆ ಇವಳ ಕೈಗೆ ಒಂದು ಸರಳ ಸಾಧನ ಕೊಟ್ಟಿತು. ಊರಿನ ಪ್ರತಿ ಮನೆಯನ್ನೂ ಎಣಿಸಿ, ಪ್ರತಿ ಬಸುರಿಯ ಹೆಸರು ಬರೆದು, ಹೆರಿಗೆಯಾಗಿ ಕೂಸು ದೊಡ್ಡದಾಗುವವರೆಗೆ ಬೆನ್ನು ಹತ್ತುವ ಪುಸ್ತಕ ಅದು. ಏಕೆ ಎಣಿಸಬೇಕು? ಊರ ಅಂಚಿನ ಓಣಿ, ತೋಟದ ಮನೆ, ಕಬ್ಬು ಕಡಿಯಲು ಹೋಗಿ ಬರುವ ಮನೆ—ಪಟ್ಟಿಯಿಂದ ಬಿಟ್ಟುಹೋಗುವುದು ಯಾವಾಗಲೂ ಇಂಥವೇ. ಸಾವು ಮೊದಲು ಹುಡುಕಿಕೊಂಡು ಹೋಗುವುದೂ ಅಲ್ಲಿಗೇ.

ಕರ್ನಾಟಕದಲ್ಲಿ 2004–06ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2019–21ರ ಹೊತ್ತಿಗೆ ಅದು 63ಕ್ಕೆ ಇಳಿಯಿತು. ರಸ್ತೆ, ಆಂಬುಲೆನ್ಸ್, ಆಸ್ಪತ್ರೆಗಳ ಪಾಲು ಇದರಲ್ಲಿದೆ, ನಿಜ. ಆದರೆ ನಡುರಾತ್ರಿ ಆ ಆಂಬುಲೆನ್ಸಿಗೆ ಫೋನು ಮಾಡಿ, ಅತ್ತೆಯನ್ನು ಒಪ್ಪಿಸಿ, ಜೊತೆಗೆ ಹತ್ತಿ ಕುಳಿತವಳು ಯಾರು?

ನಮ್ಮ ಋಣ

ನೀರಿನ ಕತೆ ಇನ್ನೂ ಮುಗಿದಿಲ್ಲ. ನಾರುಹುಣ್ಣನ್ನು ಓಡಿಸಲು ಆಳದಿಂದ ಎತ್ತಿದ ಕೊಳವೆಬಾವಿಯ ನೀರಿನಲ್ಲಿ ಈ ಜಿಲ್ಲೆಯ ಎಷ್ಟೋ ಕಡೆ ಫ್ಲೋರೈಡ್ ಹೆಚ್ಚಾಗಿದೆ. ಮಕ್ಕಳ ಹಲ್ಲು ಕಂದಾಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿರುಸಾಗುತ್ತದೆ. ಮತ್ತೆ ಮನೆಮನೆಗೆ ಹೋಗಿ ಹೇಳುವವರು ಬೇಕು.

ಆದರೆ ಹೀಗೆ ಹೋಗುವವರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? 1977ರಲ್ಲಿ ಐವತ್ತು ರೂಪಾಯಿ. ಕೋವಿಡ್ ಕಾಲದಲ್ಲಿ ವಲಸೆ ಹೋದವರು ಹಿಂತಿರುಗಿದಾಗ ಮೊದಲು ಬಾಗಿಲು ತಟ್ಟಿದವಳೂ ಆಶಾ, ಬೈಗುಳ ತಿಂದವಳೂ ಅವಳೇ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. 2025ರ ಜನವರಿಯಲ್ಲಿ ಅದೇ ಹೆಣ್ಣುಮಕ್ಕಳು ಸರಿಯಾದ ಸಂಬಳ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು; ಕನಿಷ್ಠ ಹತ್ತು ಸಾವಿರ ರೂಪಾಯಿಯ ಭರವಸೆ ಪಡೆದು ಎದ್ದರು. ‘ಸ್ವಯಂಸೇವಕಿ’ ಎಂಬುದು ಹೊಗಳಿಕೆಯ ಮಾತು. ಅದನ್ನೇ ಕೂಲಿ ತಪ್ಪಿಸುವ ನೆಪ ಮಾಡಿಕೊಂಡರೆ, ಬಸವಣ್ಣನ ನಾಡಿನಲ್ಲಿ ಕಾಯಕಕ್ಕೇ ಅವಮಾನ.

ಕೊಳದ ದಡದಲ್ಲಿ ಬಿದ್ದಿದ್ದ, ಮೂವತ್ತೆಂಟು ವರ್ಷದಿಂದ ರೋಗಿಯಾಗಿದ್ದವನ ವೃತ್ತಾಂತ ನಮಗೆಲ್ಲ ಗೊತ್ತು. ಅವನ ದೂರು ನೀರಿಲ್ಲವೆಂದಲ್ಲ. ನೀರಿಗಿಳಿಸಲು ತನಗೆ ಯಾರೂ ಇಲ್ಲವೆಂದು. ಇಂಡಿಯಿಂದ ಮುದ್ದೇಬಿಹಾಳದವರೆಗಿನ ಹಳ್ಳಿಗಳ ಕತೆಯೂ ಅದೇ. ಮದ್ದು ಇಲ್ಲದಾಗ ಮನುಷ್ಯರು ಬಂದರು. ಮದ್ದು ಬಂದ ಮೇಲೂ ಅದನ್ನು ಕೈಗೆ ಮುಟ್ಟಿಸಲು ಮನುಷ್ಯರೇ ಬೇಕಾದರು. ನಾಳೆ ಅವರಲ್ಲೊಬ್ಬಳು ನಿಮ್ಮ ಬಾಗಿಲಿಗೆ ಬಂದಾಗ ಹೊರಗೆ ನಿಲ್ಲಿಸಿ ಉತ್ತರ ಕೊಡಬೇಡಿ. ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕೊಡಿ. ಸೋಸಿದ ನೀರು.